ಫ್ರೆಡರಿಕ್ ಹಿಚ್, ವಿಕ್ಟೋರಿಯಾ ಕ್ರಾಸ್: ಬದುಕು, ಪದಕ ಮತ್ತು ಸಮಾಧಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರೆಡರಿಕ್ ಹಿಚ್ ಯಾರು?

1856ರ ನವೆಂಬರ್ 29ರಂದು ಲಂಡನ್ನಿನ ಉತ್ತರ ಅಂಚಿನ ಎಡ್ಮಂಟನ್ ಕಡೆ ಹುಟ್ಟಿದವನು. ಕಟ್ಟಡ ಕೆಲಸದಲ್ಲಿ ಕೂಲಿ ಮಾಡಿಕೊಂಡಿದ್ದು 1877ರಲ್ಲಿ ಬ್ರಿಟಿಷ್ ಸೇನೆಗೆ ಸೇರಿದ. 24ನೇ ಪದಾತಿ ರೆಜಿಮೆಂಟಿನ ಎರಡನೇ ಬೆಟಾಲಿಯನ್, 'ಬಿ' ಕಂಪನಿ, ದರ್ಜೆ ಪ್ರೈವೇಟ್, ಅಂದರೆ ಸಾಮಾನ್ಯ ಸಿಪಾಯಿ. 1879ರ ಜನವರಿ 22ರಂದು ದಕ್ಷಿಣ ಆಫ್ರಿಕಾದ ರೋರ್ಕ್ಸ್ ಡ್ರಿಫ್ಟ್‌ನಲ್ಲಿ ನಡೆದ ಕಾಳಗಕ್ಕೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಆಗ ವಯಸ್ಸು 22. ಅದೇ ವರ್ಷ ಗಾಯದ ಕಾರಣಕ್ಕೆ ಸೇನೆಯಿಂದ ಹೊರಬಿದ್ದ. ಬ್ರಿಟಿಷ್ ಸಾಮ್ರಾಜ್ಯದ ಅತಿ ದೊಡ್ಡ ಶೌರ್ಯ ಪದಕ ಪಡೆದವನ ಸೇನಾ ಜೀವನ ಮೂರು ವರ್ಷ ಕೂಡ ತುಂಬಲಿಲ್ಲ. ಉಳಿದ ಮೂವತ್ಮೂರು ವರ್ಷ ಆತ ಬದುಕಿದ್ದು ಲಂಡನ್ನಿನ ಬೀದಿಗಳಲ್ಲಿ ದುಡಿದು.

ಇದು ವೆಲ್ಶ್ ರೆಜಿಮೆಂಟ್ ಅಲ್ಲವೇ?

1879ರಲ್ಲಿ ಅಲ್ಲ. ಆಗ ಅದರ ಅಧಿಕೃತ ಹೆಸರು 24ನೇ (ಎರಡನೇ ವಾರ್ವಿಕ್‌ಶೈರ್) ರೆಜಿಮೆಂಟ್. ನೆಲೆ 1873ರಿಂದಲೇ ವೇಲ್ಸಿನ ಬ್ರೆಕನ್ನಿನಲ್ಲಿತ್ತು, ಆದರೆ 'ಸೌತ್ ವೇಲ್ಸ್ ಬಾರ್ಡರರ್ಸ್' ಎಂಬ ಹೆಸರು ಬಂದದ್ದು 1881ರಲ್ಲಿ. ಹಿಚ್‌ನಂತೆ ಅಪ್ಪಟ ಇಂಗ್ಲಿಷರೂ ಐರಿಷರೂ ಅದರಲ್ಲಿ ಧಾರಾಳವಾಗಿದ್ದರು. ವೆಲ್ಶರೇ ತುಂಬಿದ ಕಂಪನಿ ಎಂಬ ಚಿತ್ರ ಜನರ ತಲೆಗೆ ಹೋದದ್ದು ಈ ಕಾಳಗದ ಕುರಿತ 1964ರ 'ಜುಲು' ಸಿನಿಮಾದಿಂದ.

ಯುದ್ಧ ಯಾಕೆ ನಡೆಯಿತು?

ಬ್ರಿಟಿಷ್ ಹೈ ಕಮಿಷನರ್ ಸರ್ ಬಾರ್ಟಲ್ ಫ್ರೇರ್, ದಕ್ಷಿಣ ಆಫ್ರಿಕಾದ ಜುಲು ಜನರ ದೊರೆ ಸೆಟ್ಶ್ವಾಯೋ ಒಪ್ಪಲು ಸಾಧ್ಯವೇ ಇಲ್ಲದ ಷರತ್ತುಗಳನ್ನು 1878ರ ಡಿಸೆಂಬರ್ 11ರಂದು ಮುಂದಿಟ್ಟ. ಗಡುವು ಮುಗಿದ 1879ರ ಜನವರಿ 11ರಂದು ಸೇನೆ ಗಡಿ ದಾಟಿತು. ದಾಳಿ ಮಾಡಿದವರು ಬ್ರಿಟಿಷರು. ಜನವರಿ 22ರ ಮಧ್ಯಾಹ್ನ ಇಸಾಂಡ್ಲ್‌ವಾನಾದಲ್ಲಿ ಜುಲು ಸೇನೆ ಬ್ರಿಟಿಷ್ ಶಿಬಿರವನ್ನೇ ಅಳಿಸಿಹಾಕಿತು; ಬ್ರಿಟಿಷ್ ಪಕ್ಷದಲ್ಲಿ ಸತ್ತವರು 1,300ಕ್ಕೂ ಹೆಚ್ಚು. ಆ ಕಾಳಗದಲ್ಲಿ ಮೀಸಲಾಗಿ ಉಳಿದಿದ್ದ ಮೂರು ನಾಲ್ಕು ಸಾವಿರ ಜುಲುಗಳು ರಾಜಕುಮಾರ ಡಬುಲಮಾಂಜಿಯ ಹಿಂದೆ ನದಿ ದಾಟಿ ರೋರ್ಕ್ಸ್ ಡ್ರಿಫ್ಟ್ ಕಡೆ ಬಂದರು.

ರೋರ್ಕ್ಸ್ ಡ್ರಿಫ್ಟ್ ಎಂದರೆ ಕೋಟೆಯೇ?

ಕೋಟೆಯಲ್ಲ, ಬಫಲೋ ನದಿ ದಾಟುವ ಕಡವಿನ ಹತ್ತಿರದ ಮಿಷನ್ ಮನೆ. ಹುಲ್ಲು ಹೊದೆಸಿದ ಎರಡು ಕಟ್ಟಡ: ಒಂದನ್ನು ಆಸ್ಪತ್ರೆ ಮಾಡಿಕೊಂಡಿದ್ದರು, ಇನ್ನೊಂದು ಉಗ್ರಾಣ. ಒಳಗಿದ್ದವರು ಸುಮಾರು 140 ಮಂದಿ, ಅವರಲ್ಲಿ 35ರಷ್ಟು ಜನ ರೋಗಿಗಳು. ಕೈಯಲ್ಲಿದ್ದ ಸಮಯ ಒಂದೆರಡು ಗಂಟೆ. ಉಗ್ರಾಣದಲ್ಲಿದ್ದ ಮೆಕ್ಕೆಜೋಳದ ಮೂಟೆ ಮತ್ತು ಬಿಸ್ಕತ್ತಿನ ಮರದ ಪೆಟ್ಟಿಗೆಗಳನ್ನೇ ಎದೆಮಟ್ಟದ ಗೋಡೆಯಾಗಿ ಪೇರಿಸಿದರು. ಮೂಟೆಯೊಂದು ಸುಮಾರು 90 ಕಿಲೋ, ಪೆಟ್ಟಿಗೆ ಸುಮಾರು 45 ಕಿಲೋ. ಜನ ಕಡಿಮೆ, ಸುತ್ತಳತೆ ಹೆಚ್ಚು ಎಂದು ಗೊತ್ತಾದಾಗ ಅಲ್ಲಿನ ಮುಖ್ಯಾಧಿಕಾರಿ ಲೆಫ್ಟಿನೆಂಟ್ ಜಾನ್ ಚಾರ್ಡ್ ನಡುವೆ ಅಡ್ಡಲಾಗಿ ಬಿಸ್ಕತ್ತು ಪೆಟ್ಟಿಗೆಗಳ ಎರಡನೇ ಗೋಡೆ ಹಾಕಿಸಿದ. ಕೊನೆಗೆ ಎಲ್ಲರ ಜೀವ ಉಳಿಸಿದ್ದು ಅದೇ, ಏಕೆಂದರೆ ಆಸ್ಪತ್ರೆಗೆ ಬೆಂಕಿ ಬಿದ್ದ ಮೇಲೆ ಹಿಂದೆ ಸರಿಯಲು ಒಂದು ಗೆರೆ ಸಿದ್ಧವಿತ್ತು.

ಹಿಚ್ ಅಲ್ಲಿ ಮಾಡಿದ್ದೇನು?

ಮೊದಲ ಕೆಲಸ ಕಾವಲು. ಅವನನ್ನು ಸೂರಿನ ಮೇಲೆ ಹತ್ತಿಸಿದ್ದರು. ಬೆಟ್ಟದ ಹಿಂದಿನಿಂದ ಬರುತ್ತಿದ್ದ ದಂಡನ್ನು ನೋಡಿ ನಾಲ್ಕರಿಂದ ಆರು ಸಾವಿರವಿರಬೇಕೆಂದು ಕೂಗಿ ಹೇಳಿದ. ಅಂದಾಜು ಸ್ವಲ್ಪ ಹೆಚ್ಚಾಯಿತು, ಆ ಹೊತ್ತಿನಲ್ಲಿ ಯಾರಿಗಾದರೂ ಹಾಗೆಯೇ ಆಗುತ್ತಿತ್ತು. ಸಂಜೆ ನಾಲ್ಕೂವರೆ ಸುಮಾರಿಗೆ ದಾಳಿ ಶುರುವಾದಾಗ ಕೆಳಗಿಳಿದು ಬಯನೆಟ್ ಹಿಡಿದು ಗೋಡೆಯ ಬಳಿ ನಿಂತ.

ಎರಡನೆಯ ಕೆಲಸಕ್ಕೇ ಪದಕ. ಆಸ್ಪತ್ರೆಗೂ ಉಗ್ರಾಣಕ್ಕೂ ನಡುವೆ ತೆರೆದ ಅಂಗಳವಿತ್ತು. ಆಸ್ಪತ್ರೆಯ ಹುಲ್ಲಿನ ಸೂರಿಗೆ ಬೆಂಕಿ ಬಿದ್ದಾಗ ರೋಗಿಗಳನ್ನು ಆ ಅಂಗಳದ ಮೂಲಕವೇ ತರಬೇಕಿತ್ತು. ಅದನ್ನು ಕಾಯುವ ಜಾಗದಲ್ಲಿ ಹಿಚ್ ಮತ್ತು ಕಾರ್ಪೊರಲ್ ವಿಲಿಯಂ ಅಲನ್ ನಿಂತರು. ಆ ಜಾಗದ ತೊಂದರೆ ಏನೆಂದರೆ ಎದುರಿನಿಂದ ಈಟಿ, ಬೆನ್ನ ಹಿಂದಿನ ಬೆಟ್ಟದಿಂದ ಗುಂಡು. ಇಬ್ಬರಿಗೂ ಗುಂಡು ತಗುಲಿತು, ಇಬ್ಬರೂ ಜಾಗ ಬಿಡಲಿಲ್ಲ, ರೋಗಿಗಳು ದಾಟಿದರು.

ಮೂರನೆಯದು ಗಾಯವಾದ ಮೇಲಿನದು. ಬಲಗೈ ಕೆಲಸಕ್ಕೆ ಬಾರದಾದಾಗ ಅದನ್ನು ಸೊಂಟದ ಬೆಲ್ಟಿನ ಒಳಗೆ ಸಿಕ್ಕಿಸಿಕೊಂಡು, 'ಬಿ' ಕಂಪನಿಯ ಮುಖ್ಯಸ್ಥ ಲೆಫ್ಟಿನೆಂಟ್ ಬ್ರೋಮ್‌ಹೆಡ್ ಕೊಟ್ಟ ರಿವಾಲ್ವರಿನಿಂದ ಎಡಗೈಯಲ್ಲಿ ಗುಂಡು ಹಾರಿಸಿದ. ಒಂಟಿ ಕೈಯಲ್ಲಿ ತೋಟೆ ತುಂಬಲಾಗದ್ದರಿಂದ ಬ್ರೋಮ್‌ಹೆಡ್ ತಾನೇ ತುಂಬಿಕೊಟ್ಟ. ನಂತರ ರಾತ್ರಿ ಅಲನ್ ಜೊತೆ ಸುತ್ತಾಡಿ ಎಲ್ಲರಿಗೂ ತೋಟೆ ಹಂಚಿದ. ರಕ್ತ ಹೋಗಿ, ಬಾಯಾರಿ, ಕೊನೆಗೆ ಪ್ರಜ್ಞೆ ತಪ್ಪಿ ಬಿದ್ದ.

ತೋಟೆ ಹಂಚುವುದು ಸಣ್ಣ ಕೆಲಸ ಎನಿಸಿದರೆ ಲೆಕ್ಕ ನೋಡಿ: ಇದ್ದದ್ದು ಸುಮಾರು 20,000 ತೋಟೆ, ಬೆಳಗಾಗುವಾಗ ಉಳಿದದ್ದು ಸುಮಾರು 900. ಗೋಡೆ ಬಿಟ್ಟು ಪೆಟ್ಟಿಗೆಯ ಬಳಿಗೆ ಒಬ್ಬೊಬ್ಬರೇ ಓಡಿದ್ದರೆ ಗೋಡೆ ಉಳಿಯುತ್ತಿರಲಿಲ್ಲ.

ಅವರ ಬಂದೂಕು ಕೈಕೊಡುತ್ತಿತ್ತು ಎನ್ನುತ್ತಾರೆ, ನಿಜವೇ?

ನಿಜ. ಅದು ಮಾರ್ಟಿನಿ-ಹೆನ್ರಿ. ಒಂದು ಸಲಕ್ಕೆ ಒಂದೇ ತೋಟೆ, ಕೆಳಗಿನ ಸನ್ನೆ ಎಳೆದರೆ ಖಾಲಿ ಕೋಶ ಹೊರಬರಬೇಕು. ತೊಂದರೆ ಮುಖ್ಯವಾಗಿ ತೋಟೆಯದು. ಕೋಶ ಗಟ್ಟಿ ಹಿತ್ತಾಳೆಯದಲ್ಲ, ತೆಳು ಹಿತ್ತಾಳೆ ಹಾಳೆ ಸುತ್ತಿ ಕಬ್ಬಿಣದ ತಳ ಕೂಡಿಸಿದ್ದು. ಎಡೆಬಿಡದೆ ಹಾರಿಸಿದಾಗ ನಳಿಗೆ ಕಾದು ಕೋಶ ಒಳಗೇ ಅಂಟಿಕೊಳ್ಳುತ್ತದೆ; ಸನ್ನೆ ಎಳೆದರೆ ತಳ ಮಾತ್ರ ಕಿತ್ತುಬಂದು ಹಾಳೆ ಒಳಗೆ ಉಳಿಯುತ್ತದೆ. ಆಗ ಚೂರಿಯಿಂದ ಕೆರೆಯಬೇಕು ಇಲ್ಲವೇ ಗಜದಿಂದ ನೂಕಬೇಕು. ಕಪ್ಪು ಮದ್ದಿನ ಮಸಿ ಕಟ್ಟಿಕೊಂಡು ಒದೆತವೂ ಹೆಚ್ಚುತ್ತಾ ಹೋಗುತ್ತದೆ. ಬಂದೂಕು ನಿಂತಾಗ ಸಿಪಾಯಿಗಳಿಗೆ ಉಳಿದದ್ದು ಉದ್ದನೆಯ ಬಯನೆಟ್. ಆ ರಾತ್ರಿ ಗೋಡೆಯ ಮೇಲೆ ಅದರ ಪಾಲು ದೊಡ್ಡದು.

ಗಾಯ ಎಷ್ಟು ಗಂಭೀರವಾಗಿತ್ತು?

ಬಲ ಭುಜದ ಹಿಂದಿನ ಹೆಗಲ ಮೂಳೆ ಪುಡಿಯಾಗಿತ್ತು. ಜುಲುಗಳ ಬಳಿ ಇದ್ದವು ಬಹುತೇಕ ಹಳೆಯ ಮಸ್ಕೆಟ್‌ಗಳು. ಅವುಗಳ ದಪ್ಪ, ಮೆದು ಸೀಸದ ಗುಂಡು ಮೂಳೆಗೆ ಬಡಿದಾಗ ಚಪ್ಪಟೆಯಾಗಿ ಅದನ್ನು ಚೂರು ಮಾಡುತ್ತದೆ. ಹಿಚ್‌ನ ಭುಜದಿಂದ 39 ಮೂಳೆ ಚೂರು ತೆಗೆದರೆಂಬ ಲೆಕ್ಕ ಅವನ ಕತೆಯ ಜೊತೆಗೇ ಬಂದಿದೆ. ಸ್ಥಳದಲ್ಲಿದ್ದ ವೈದ್ಯ ಸರ್ಜನ್ ಜೇಮ್ಸ್ ರೆನಾಲ್ಡ್ಸ್. ಇಂಗ್ಲೆಂಡಿಗೆ ಕಳಿಸಿದ ಮೇಲೆ ಸೌತಾಂಪ್ಟನ್ ಹತ್ತಿರದ ನೆಟ್ಲಿ ಸೇನಾ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತು. 1879ರ ಆಗಸ್ಟ್ 12ರಂದು ವಿಕ್ಟೋರಿಯಾ ರಾಣಿ ಅಲ್ಲಿಗೇ ಬಂದು ಪದಕ ತೊಡಿಸಿದಳು. ಅದೇ ತಿಂಗಳು ಸೇನೆ ಅವನನ್ನು ಬಿಡುಗಡೆ ಮಾಡಿತು. ಕೂಲಿಗೆ ಬೇಕಾದದ್ದು ಬಲಗೈ, ಅದೇ ಹೋಗಿತ್ತು.

ಒಂದೇ ಕಾಳಗಕ್ಕೆ 11 ವಿಕ್ಟೋರಿಯಾ ಕ್ರಾಸ್ ಹೆಚ್ಚಾಯಿತಲ್ಲವೇ?

ಆ ಕಾಲದಲ್ಲೇ ಈ ಮಾತು ಬಂದಿತ್ತು. ಜನರಲ್ ವೂಲ್ಸಿಯಂಥವರಿಗೆ ಇದು ಹಿಡಿಸಿರಲಿಲ್ಲ: ಓಡಲು ದಾರಿಯಿಲ್ಲದೆ ಒಳಗೆ ಸಿಕ್ಕಿಬಿದ್ದವರು ಹೋರಾಡದೆ ಇನ್ನೇನು ಮಾಡಿಯಾರು ಎಂಬುದು ಅವರ ವಾದ. ಅದೇ ದಿನದ ಇಸಾಂಡ್ಲ್‌ವಾನಾ ಸೋಲಿನ ಕಹಿ ಮರೆಸಲು ಸರ್ಕಾರಕ್ಕೆ ಒಂದು ಗೆಲುವು ಬೇಕಿತ್ತು ಎಂಬುದೂ ಸುಳ್ಳಲ್ಲ. ಆದರೆ ಹಿಚ್ ಮತ್ತು ಅಲನ್ ವಿಷಯದಲ್ಲಿ ಆ ವಾದ ನಿಲ್ಲುವುದಿಲ್ಲ. ಅವರು ಬರೀ ಗೋಡೆಯ ಹಿಂದೆ ನಿಂತವರಲ್ಲ, ಬೇರೆಯವರು ದಾಟಲೆಂದು ತಮ್ಮ ಬೆನ್ನನ್ನು ಗುಂಡಿಗೆ ತೆರೆದಿಟ್ಟವರು.

ಹನ್ನೊಂದರಲ್ಲಿ ಏಳು 24ನೇ ರೆಜಿಮೆಂಟಿಗೆ ಹೋದವು. ಬ್ರಿಟಿಷರ ಕಡೆ ಸತ್ತವರು 17, ಜುಲುಗಳ ಕಡೆ ಗೋಡೆಯ ಸುತ್ತ ಎಣಿಸಿದ ಹೆಣಗಳೇ 350ರಷ್ಟು. ಬೆಳಗ್ಗೆ ಗಾಯಗೊಂಡು ಬಿದ್ದಿದ್ದ ಜುಲುಗಳನ್ನೂ ಕೊಂದರು. ಪದಕದ ಕತೆ ಹೇಳುವವರು ಈ ಕೊನೆಯ ಸಾಲನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಪದಕ ಹೇಗಿರುತ್ತದೆ? ಅಸಲಿ ಎಂದು ತಿಳಿಯುವುದು ಹೇಗೆ?

ಫಿರಂಗಿಯ ಕಂಚಿನಿಂದ ಮಾಡಿದ, ಹೊಳಪಿಲ್ಲದ ಕಂದು ಬಣ್ಣದ ಶಿಲುಬೆ. ಲಂಡನ್ನಿನ ಹ್ಯಾಂಕಾಕ್ಸ್ ಆಭರಣ ಅಂಗಡಿ ಮೊದಲಿಂದಲೂ ಮಾಡುತ್ತ ಬಂದಿದೆ. ಮುಂಭಾಗದಲ್ಲಿ ಕಿರೀಟದ ಮೇಲೆ ಸಿಂಹ, ಕೆಳಗೆ 'ಫಾರ್ ವ್ಯಾಲರ್' ಎಂಬ ಪಟ್ಟಿ. ಶಿಲುಬೆಯನ್ನು ತೂಗುಹಾಕಿದ ಪಟ್ಟಿಯ ಹಿಂಬದಿ ಸಿಪಾಯಿಯ ಹೆಸರು, ದರ್ಜೆ, ರೆಜಿಮೆಂಟ್. ಶಿಲುಬೆಯ ಹಿಂಬದಿಯ ವೃತ್ತದೊಳಗೆ ಸಾಹಸದ ದಿನಾಂಕ. ಸೇನೆಗೆ ಕಡುಗೆಂಪು ರಿಬ್ಬನ್, ನೌಕಾಪಡೆಗೆ 1918ರವರೆಗೆ ನೀಲಿ.

ಚಿತ್ರ ನೋಡಿ ಅಸಲಿ ನಕಲಿ ಹೇಳಲಾಗದು. ಎರಕ ಹೊಯ್ದ ಮೇಲೆ ಪ್ರತಿಯೊಂದನ್ನೂ ಕೈಯಿಂದ ತಿದ್ದುವುದರಿಂದ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ, ಮಾರುಕಟ್ಟೆಯಲ್ಲಿ ಪ್ರತಿಗಳೂ ಬೇಕಾದಷ್ಟಿವೆ. ಹಿಚ್‌ಗೆ ಇದಲ್ಲದೆ ದಕ್ಷಿಣ ಆಫ್ರಿಕಾ ಯುದ್ಧದ ಪದಕವೂ ಇತ್ತು. ಅದು ಆ ಯುದ್ಧದಲ್ಲಿದ್ದ ಎಲ್ಲ ಸಿಪಾಯಿಗಳಿಗೂ ಸಿಗುವಂಥದ್ದು, ಶೌರ್ಯ ಪದಕವಲ್ಲ.

ಪದಕದ ಜೊತೆ ಹಣ ಬರುತ್ತಿತ್ತೇ?

ಅಧಿಕಾರಿಯಲ್ಲದವರಿಗೆ ವರ್ಷಕ್ಕೆ 10 ಪೌಂಡ್. ಅದರಲ್ಲಿ ಸಂಸಾರ ನಡೆಯುವಂತಿರಲಿಲ್ಲ, ಹಿಚ್‌ಗೆ ಹೆಂಡತಿ ಮಕ್ಕಳಿದ್ದರು.

ಆತನ ಪದಕ ಕಳೆದುಹೋಯಿತು ಎಂಬುದು ನಿಜವೇ?

ಹೌದು. ಸೇನೆ ಬಿಟ್ಟ ಮೇಲೆ ಆತ ಸಮವಸ್ತ್ರದ ದ್ವಾರಪಾಲಕನ ಕೆಲಸಕ್ಕೆ ಸೇರಿದ್ದ. ಮಾಜಿ ಸಿಪಾಯಿಗಳಿಗೆ ಸಾಮಾನ್ಯವಾಗಿ ಸಿಗುತ್ತಿದ್ದ ಕೆಲಸ ಅದು. ಅಂಗಿಯ ಮೇಲೆ ಪದಕ ಧರಿಸಿಯೇ ನಿಲ್ಲಬೇಕಿತ್ತು, ಹಾಗಾಗಿ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಆ ಕೆಲಸದ ದಿನಗಳಲ್ಲೇ ಪದಕ ಕಳವಾಯಿತು. ವರ್ಷಗಳ ಮೇಲೆ, 1908ರಲ್ಲಿ, ಬದಲಿ ಪದಕ ಲಾರ್ಡ್ ರಾಬರ್ಟ್ಸ್ ಕೈಯಿಂದ ಸಿಕ್ಕಿತು. ಏಳನೇ ಎಡ್ವರ್ಡ್ ದೊರೆಯ ಅನುಮತಿ ಇಲ್ಲದೆ ಅದು ಆಗುವಂತಿರಲಿಲ್ಲ. ಪದಕ ನೋಡಬೇಕೆನ್ನುವವರು ಬ್ರೆಕನ್ನಿನಲ್ಲಿರುವ ರೆಜಿಮೆಂಟಿನ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು.

ಟ್ಯಾಕ್ಸಿ ಓಡಿಸುತ್ತಿದ್ದನಂತೆ?

ಓಡಿಸುತ್ತಿದ್ದ. ಮೊದಲು ಕುದುರೆ ಗಾಡಿ, ಮೋಟಾರು ಬಂದ ಮೇಲೆ ಮೋಟಾರು ಟ್ಯಾಕ್ಸಿ. ಪಶ್ಚಿಮ ಲಂಡನ್ನಿನ ಚಿಸ್ವಿಕ್‌ನಲ್ಲಿ, ಕ್ರ್ಯಾನ್‌ಬ್ರೂಕ್ ರಸ್ತೆಯ 62ನೇ ಮನೆಯಲ್ಲಿ ವಾಸ. ಈಗ ಆ ಮನೆಯ ಗೋಡೆಯ ಮೇಲೆ ನೀಲಿ ಫಲಕವಿದೆ. ಅಲ್ಲಿ ಜನ ವಾಸವಾಗಿದ್ದಾರೆ, ರಸ್ತೆಯಿಂದಲೇ ನೋಡಿ ಬರುವುದು ಸರಿ.

ಸಾವು ಹೇಗಾಯಿತು?

1913ರ ಜನವರಿ 6ರಂದು, ಶ್ವಾಸಕೋಶದ ಉರಿಯೂತ ಮತ್ತು ಹೃದಯದ ತೊಂದರೆಯಿಂದ. ವಯಸ್ಸು 56. ಪೆಟ್ರೋಲ್ ಬೆಲೆ ಗ್ಯಾಲನ್ನಿಗೆ 8 ಪೆನ್ನಿಯಿಂದ 13 ಪೆನ್ನಿಗೆ ಏರಿತೆಂದು ಲಂಡನ್ನಿನ ಟ್ಯಾಕ್ಸಿ ಚಾಲಕರು ಆ ವರ್ಷದ ಮೊದಲ ದಿನದಿಂದ ಮುಷ್ಕರ ಹೂಡಿದ್ದರು. ಹಿಚ್ ಸತ್ತದ್ದು ಮುಷ್ಕರದ ಮೊದಲ ವಾರದಲ್ಲಿ.

ಅಂತ್ಯಕ್ರಿಯೆ ಹೇಗೆ ನಡೆಯಿತು?

ಪೂರ್ಣ ಸೇನಾ ಗೌರವದೊಂದಿಗೆ. ಸೌತ್ ವೇಲ್ಸ್ ಬಾರ್ಡರರ್ಸ್ ತುಕಡಿ ಬಂದಿತ್ತು. ಆ ಕಾಲದ ಕ್ರಮ ಹೀಗೆ: ಶವಪೆಟ್ಟಿಗೆಯ ಮೇಲೆ ಬ್ರಿಟಿಷ್ ಧ್ವಜ, ಸಿಪಾಯಿಗಳು ಬಂದೂಕಿನ ನಳಿಗೆ ಕೆಳಮುಖ ಮಾಡಿ ನಿಧಾನ ಹೆಜ್ಜೆಯಲ್ಲಿ ನಡೆಯುವುದು, ಗುಂಡಿಗೆ ಇಳಿಸಿದ ಮೇಲೆ ಗಾಳಿಯಲ್ಲಿ ಮೂರು ಸುತ್ತು ಗುಂಡು, ಕೊನೆಗೆ ಕಹಳೆಯಲ್ಲಿ 'ಲಾಸ್ಟ್ ಪೋಸ್ಟ್'.

ಜನ ನೆನಪಿಟ್ಟುಕೊಂಡದ್ದು ಸೇನೆಯ ಸಾಲನ್ನಲ್ಲ. ಅದರ ಹಿಂದೆ ಸಾವಿರಕ್ಕೂ ಹೆಚ್ಚು ಟ್ಯಾಕ್ಸಿ ಚಾಲಕರು ನಡೆದರು. ದುಡಿಮೆ ನಿಂತು ಕೈ ಬರಿದಾಗಿದ್ದ ದಿನಗಳಲ್ಲಿ ಬಂದವರು ಅವರು. ಇಂದಿಗೂ ಲಂಡನ್ನಿನ ಟ್ಯಾಕ್ಸಿಯವರು ತಮ್ಮಲ್ಲಿನ ಧೈರ್ಯವಂತರಿಗೆ ಕೊಡುವ ಪ್ರಶಸ್ತಿಗೆ ಹಿಚ್‌ನ ಹೆಸರಿದೆ. ಅವನ ಹೆಸರು ಉಳಿದದ್ದರಲ್ಲಿ ಸರ್ಕಾರಕ್ಕಿಂತ ಈ ವೃತ್ತಿಬಾಂಧವರ ಪಾಲು ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಹೋಲಿಕೆಗೆ ವಿಲಿಯಂ ಜೋನ್ಸ್‌ನನ್ನು ನೋಡಿ. ಅದೇ ಕಾಳಗದಲ್ಲಿ, ಉರಿಯುವ ಆಸ್ಪತ್ರೆಯಿಂದ ರೋಗಿಗಳನ್ನು ಹೊರಗೆ ಸಾಗಿಸಿ ಅದೇ ಪದಕ ಪಡೆದವನು. ಬಡತನಕ್ಕೆ ಪದಕ ಅಡವಿಟ್ಟ. ಸತ್ತದ್ದೂ 1913ರಲ್ಲೇ, ಹಿಚ್ ಸತ್ತ ಮೂರು ತಿಂಗಳ ಮೇಲೆ. ಮ್ಯಾಂಚೆಸ್ಟರಿನ ಫಿಲಿಪ್ಸ್ ಪಾರ್ಕ್ ಸ್ಮಶಾನದಲ್ಲಿ ಇತರರ ಜೊತೆ ಒಂದೇ ಗುಂಡಿಯಲ್ಲಿ ಮಣ್ಣು ಮಾಡಿದರು.

ಸಮಾಧಿ ಎಲ್ಲಿದೆ? ಹೋಗುವುದು ಹೇಗೆ?

ಚಿಸ್ವಿಕ್‌ನ ಸಂತ ನಿಕೋಲಸ್ ಚರ್ಚಿನ ಸ್ಮಶಾನದಲ್ಲಿ, ಥೇಮ್ಸ್ ದಡದ ಹತ್ತಿರ. ಡಿಸ್ಟ್ರಿಕ್ಟ್ ಲೈನ್ ರೈಲಿನಲ್ಲಿ ಟರ್ನ್‌ಹ್ಯಾಮ್ ಗ್ರೀನ್ ನಿಲ್ದಾಣದಲ್ಲಿ ಇಳಿದು ದಕ್ಷಿಣಕ್ಕೆ, ನದಿಯ ಕಡೆಗೆ ನಡೆಯಬೇಕು. ನಡುವೆ ಎ4 ಹೆದ್ದಾರಿ ಅಡ್ಡ ಬರುತ್ತದೆ. ರಸ್ತೆಯ ಮೇಲೆ ದಾಟಲು ಹೋಗಬೇಡಿ, ಹೊಗಾರ್ತ್ ವೃತ್ತದ ಬಳಿ ಕಾಲುದಾರಿಯ ಸುರಂಗವಿದೆ. ಅದನ್ನು ದಾಟಿದರೆ ಚರ್ಚ್ ಸ್ಟ್ರೀಟ್.

ಇಲ್ಲಿ ಎರಡು ಕಡೆ ಜನ ತಪ್ಪುತ್ತಾರೆ. ಚಿಸ್ವಿಕ್‌ಗೆ ಹಳೆಯ ಸ್ಮಶಾನ, ಹೊಸ ಸ್ಮಶಾನ ಎಂದು ಎರಡಿವೆ. ಮೊಬೈಲ್ ನಕ್ಷೆ ಹೊಸದಕ್ಕೆ ಕರೆದೊಯ್ದರೆ ಸುತ್ತಿದ್ದೇ ಸುತ್ತು. ನಿಮಗೆ ಬೇಕಾದದ್ದು ಚರ್ಚಿಗೆ ಅಂಟಿಕೊಂಡದ್ದು. ಎರಡನೆಯದಾಗಿ, ಚರ್ಚಿನ ಪಕ್ಕ ಕಬ್ಬಿಣದ ಬೇಲಿಯೊಳಗೆ ಕಾಣುವ ದೊಡ್ಡ ಸಮಾಧಿ 1764ರಲ್ಲಿ ತೀರಿಕೊಂಡ ಚಿತ್ರಕಾರ ವಿಲಿಯಂ ಹೊಗಾರ್ತ್‌ನದು. ಚಿತ್ರಕಾರ ವಿಸ್ಲರ್ ಮಲಗಿರುವುದೂ ಇಲ್ಲಿಯೇ. ಹಿಚ್‌ನ ಗುರುತು ಬೇರೆ: ಒರಟು ಬಂಡೆಯಂಥ ಕಲ್ಲು, ಅದರ ಮೇಲೆ ಕಲ್ಲಿನಲ್ಲೇ ಕಡೆದ ಸೇನಾ ಟೋಪಿ.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹೆಸರು ಯಾಕಿಲ್ಲ?

ಆಯೋಗದ ಹೊಣೆ ಎರಡು ಮಹಾಯುದ್ಧಗಳ ಕಾಲಾವಧಿಗೆ ಮಾತ್ರ: 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31, ಮತ್ತು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31. ಹತ್ತೊಂಬತ್ತನೇ ಶತಮಾನದ ಸಿಪಾಯಿಗಳು, ಎಷ್ಟೇ ದೊಡ್ಡ ಪದಕವಿದ್ದರೂ, ಇದರೊಳಗೆ ಬರುವುದಿಲ್ಲ. ಹಾಗಾಗಿ ಇಂಥ ಸಮಾಧಿಗಳನ್ನು ನೋಡಿಕೊಳ್ಳುವುದು ಕುಟುಂಬ, ರೆಜಿಮೆಂಟ್, ಚರ್ಚು, ಸ್ಥಳೀಯ ಆಡಳಿತ ಅಥವಾ ಆಸಕ್ತರು.

ಕಲ್ಲು ಪಾಚಿ ಹಿಡಿದಿದ್ದರೆ ತೊಳೆಯಬಹುದೇ?

ಅನುಮತಿ ಇಲ್ಲದೆ ಬೇಡ. ಅನುಮತಿ ಸಿಕ್ಕರೂ ಬರೀ ನೀರು, ಮೆತ್ತನೆಯ ನೈಲಾನ್ ಬ್ರಶ್ ಸಾಕು. ಕೆಳಗಿನಿಂದ ಮೇಲಕ್ಕೆ ಒದ್ದೆ ಮಾಡುತ್ತ ಹೋದರೆ ಕೊಳೆ ಸುರಿದು ಗೆರೆ ಬೀಳುವುದಿಲ್ಲ. ತಂತಿ ಬ್ರಶ್, ಆಸಿಡ್, ಬ್ಲೀಚಿಂಗ್, ಒತ್ತಡದ ನೀರಿನ ಯಂತ್ರ ಮುಟ್ಟಬಾರದು. ಬ್ಲೀಚಿನ ಉಪ್ಪು ಕಲ್ಲಿನೊಳಗೆ ಇಳಿದು ಹರಳುಗಟ್ಟಿ ಮೇಲ್ಪದರ ಉದುರಿಸುತ್ತದೆ. ಅಕ್ಷರ ಓದಲು ಸೀಮೆಸುಣ್ಣ ಉಜ್ಜುವುದೂ ಬೇಡ, ಪಕ್ಕದಿಂದ ಟಾರ್ಚ್ ಹಿಡಿದರೆ ನೆರಳಿನಲ್ಲೇ ಅಕ್ಷರ ಎದ್ದು ಕಾಣುತ್ತದೆ.

ಈ ಕಾಳಗದ ಯಾರಾದರೂ ಭಾರತದಲ್ಲಿ ಸಮಾಧಿಯಾಗಿದ್ದಾರೆಯೇ?

ಹಿಚ್‌ಗೆ ರಿವಾಲ್ವರ್ ಕೊಟ್ಟ ಗಾನ್‌ವಿಲ್ ಬ್ರೋಮ್‌ಹೆಡ್. ಮೇಜರ್ ಆಗಿ ಭಾರತಕ್ಕೆ ಬಂದಿದ್ದ ಆತ 1891ರ ಫೆಬ್ರುವರಿ 9ರಂದು ವಿಷಮಶೀತ ಜ್ವರಕ್ಕೆ ಬಲಿಯಾದ. ಸಮಾಧಿ ಪ್ರಯಾಗರಾಜ್‌ನ ಹೊಸ ದಂಡುಪ್ರದೇಶದ ಸ್ಮಶಾನದಲ್ಲಿದೆ.

ಆಗ ಭಾರತೀಯ ಸಿಪಾಯಿಗಳಿಗೆ ಈ ಪದಕ ಸಿಗುತ್ತಿತ್ತೇ?

ಇಲ್ಲ. ಭಾರತೀಯರಿಗೆ 1837ರಿಂದ ಇದ್ದದ್ದು 'ಇಂಡಿಯನ್ ಆರ್ಡರ್ ಆಫ್ ಮೆರಿಟ್'. ವಿಕ್ಟೋರಿಯಾ ಕ್ರಾಸ್‌ಗೆ ಅರ್ಹರೆಂದು ಘೋಷಿಸಿದ್ದು 1911ರ ದೆಹಲಿ ದರ್ಬಾರಿನಲ್ಲಿ.

ಇಂಥ ಸಿಪಾಯಿಯ ದಾಖಲೆ ಹುಡುಕುವುದು ಎಲ್ಲಿಂದ ಶುರು ಮಾಡಬೇಕು?

ಮೊದಲು ಲಂಡನ್ ಗೆಜೆಟ್. ಅಂತರ್ಜಾಲದಲ್ಲಿ ಉಚಿತ. ಹಿಚ್‌ನ ಪದಕದ ಪ್ರಕಟಣೆ 1879ರ ಮೇ 2ರ ಸಂಚಿಕೆಯಲ್ಲಿದೆ. ನಂತರ ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ದಾಖಲಾಲಯ: ಬಿಡುಗಡೆ ಪತ್ರಗಳಿಗೆ ಡಬ್ಲ್ಯೂಒ (ವಾರ್ ಆಫೀಸ್, ಅಂದರೆ ಯುದ್ಧ ಇಲಾಖೆಯ ಕಡತಗಳು) 97, ವಿಕ್ಟೋರಿಯಾ ಕ್ರಾಸ್ ದಾಖಲೆಗಳಿಗೆ ಡಬ್ಲ್ಯೂಒ 98, ಯುದ್ಧ ಪದಕಗಳ ಪಟ್ಟಿಗೆ ಡಬ್ಲ್ಯೂಒ 100. ಹೆಸರೊಂದರಿಂದಲೇ ಹುಡುಕಿದರೆ ಮೋಸ ಹೋಗುತ್ತೀರಿ. ಅದೇ ರೆಜಿಮೆಂಟಿನಲ್ಲಿ ಜೋನ್ಸ್, ವಿಲಿಯಮ್ಸ್ ಹೆಸರಿನವರು ರಾಶಿ ರಾಶಿ. ಸುಳ್ಳು ಹೆಸರಲ್ಲಿ ಸೇರಿದವರೂ ಉಂಟು. ಇದೇ ಕಾಳಗದ ಪದಕವೀರ ಜಾನ್ ವಿಲಿಯಮ್ಸ್‌ನ ನಿಜ ಹೆಸರು ಫೀಲ್ಡಿಂಗ್. ಆದ್ದರಿಂದ ರೆಜಿಮೆಂಟಿನ ಸಂಖ್ಯೆ ಹಿಡಿದೇ ಹುಡುಕಬೇಕು, ಹಿಚ್‌ನದು 1362.

ಬೆಂಗಳೂರು, ಬಳ್ಳಾರಿಯ ಹಳೆಯ ಸ್ಮಶಾನಗಳಲ್ಲಿರುವ ಬ್ರಿಟಿಷ್ ಸಿಪಾಯಿಗಳ ದಾಖಲೆ ಎಲ್ಲಿ ಸಿಗುತ್ತದೆ?

ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ. ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ವಿವರಗಳು ಪ್ರೆಸಿಡೆನ್ಸಿವಾರು ಇವೆ: ಎನ್/1 ಬಂಗಾಳ, ಎನ್/2 ಮದರಾಸು, ಎನ್/3 ಮುಂಬಯಿ. ಬೆಂಗಳೂರು ದಂಡು ಮೈಸೂರು ಸೀಮೆಯೊಳಗಿದ್ದರೂ ಚರ್ಚಿನ ಲೆಕ್ಕ ಹೋಗುತ್ತಿದ್ದುದು ಮದರಾಸಿಗೆ, ಆದ್ದರಿಂದ ಬಳ್ಳಾರಿಯಂತೆ ಅದನ್ನೂ ಎನ್/2ರಲ್ಲೇ ಹುಡುಕಬೇಕು. ಬೆಳಗಾವಿ, ಧಾರವಾಡಕ್ಕೆ ಎನ್/3. ಸಮಾಧಿ ಕಲ್ಲಿನ ಮೇಲಿನ ರೆಜಿಮೆಂಟ್ ಹೆಸರನ್ನು ಪೂರ್ತಿ ಬರೆದುಕೊಂಡು ಹೋಗಿ: 1881ರ ನಂತರ ಹೆಸರುಗಳೆಲ್ಲ ಬದಲಾದ್ದರಿಂದ, ಕಲ್ಲಿನ ಮೇಲೆ ಬರೀ ಸಂಖ್ಯೆ ಇದೆಯೋ ಜಿಲ್ಲೆಯ ಹೆಸರಿದೆಯೋ ಎಂಬುದರಿಂದಲೇ ಕಾಲದ ಅಂದಾಜು ಸಿಗುತ್ತದೆ.